ಕೆರಿಯಮ್ಮನ ಎಂಬತ್ತೇಳು ಜನ

ಕೆರಿಯಮ್ಮನಿಗೆ ಹುಲಿಯ ಹೆದರಿಕೆ ಇರಲಿಲ್ಲ, ಹಾವಿನ ಹೆದರಿಕೆಯೂ ಇರಲಿಲ್ಲ. ಇದ್ದದ್ದು ರಿಜಿಸ್ಟರಿನ ಹೆದರಿಕೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುವ ಮೊದಲು ಒಬ್ಬ ಸಾಹೇಬ ರಿಜಿಸ್ಟರ್ ಹಿಡಿದು ಅವಳ ಹಳೇ ಊರಿಗೆ ಬಂದಿದ್ದ. ಮನೆ ಎಷ್ಟು, ದನ ಎಷ್ಟು, ಹಲಸಿನ ಮರ ಎಷ್ಟು ಎಂದು ಕೇಳಿದ್ದ. ಮಗ ರಾಮಚಂದ್ರಪ್ಪ ಆಗ ಕಂಕುಳ ಕೂಸು. ಕೆರಿಯಮ್ಮ ಹುರುಪಿನಿಂದ ಬೆರಳು ಮಡಚಿ ಮಡಚಿ ಎಲ್ಲ ಹೇಳಿ ಬರೆಸಿದ್ದಳು. ಆಮೇಲೆ ನೀರು ಬಂತು. ಬರೆಸಿದ್ದೆಲ್ಲ ಹೋಯಿತು, ಬರೆಸಲು ಮರೆತಿದ್ದ ಒಂದು ಮೇಕೆ ಮಾತ್ರ ಅವರ ಜೊತೆ ಗುಡ್ಡ ಹತ್ತಿತು. ಬರೆಸಿದ್ದು ಮುಳುಗುತ್ತದೆ ಎಂದು ಅವಳಿಗೆ ಅಂದೇ ಖಾತ್ರಿಯಾಯಿತು.

ಗುಡ್ಡದ ಮೇಲೆ ಎಲ್ಲರೂ ದಿಕ್ಕು ತೋಚದೆ ಕೂತಿದ್ದಾಗ ಕೆರಿಯಮ್ಮ ಒಂದು ಕಡೆ ಮೂರು ಕಲ್ಲಿಟ್ಟು ಒಲೆ ಹಚ್ಚಿದಳು. ಅಷ್ಟೇ ಅವಳು ಮಾಡಿದ್ದು. ಉಳಿದವರೂ ಅಲ್ಲೇ ಒಲೆ ಹಚ್ಚಿದರು, ಅದೇ ಕೆಂಜಿಹಕ್ಕಲು ಎಂಬ ಹತ್ತೊಂಬತ್ತು ಮನೆಗಳ ಊರಾಯಿತು. ಅವಳು ಬೀಜ ಬಿತ್ತಿದ ದಿನ ಊರು ಬಿತ್ತುತ್ತಿತ್ತು. ಅವಳು ಒಮ್ಮೆ ನೆಗಡಿಯೆಂದು ಮಜ್ಜಿಗೆ ಬಿಟ್ಟರೆ ಊರಲ್ಲಿ ವಾರವಿಡೀ ಯಾರೂ ಮಜ್ಜಿಗೆ ಮುಟ್ಟಲಿಲ್ಲ. ಇದನ್ನೆಲ್ಲ ಅವಳು ಬೇಡಿರಲಿಲ್ಲ, ಗಮನಿಸಿಯೂ ಇರಲಿಲ್ಲ.

ಎಂಬತ್ತೊಂದರ ಫೆಬ್ರವರಿಯಲ್ಲಿ ಊರಿನ ಶಾಲೆಯ ಮೇಷ್ಟ್ರು ಮುಕುಂದಯ್ಯ ಜನಗಣತಿಯ ಹಾಳೆಗಳನ್ನು ಹಿಡಿದು ಹೊರಟರು. ಕೆರಿಯಮ್ಮನ ಸೊಸೆ ದುರ್ಗಮ್ಮ ಆಗ ಐದು ತಿಂಗಳ ಬಸುರಿ. ಎರಡು ವರ್ಷದ ಹಿಂದೆ ಹಿನ್ನೀರು ದಾಟಲು ದೋಣಿ ಸಿಗದೆ ಅವಳ ಚೊಚ್ಚಲ ಮಗು ಉಳಿದಿರಲಿಲ್ಲ. ಈ ಕೂಸನ್ನೂ ಬರೆಸಿ ಕಳೆದುಕೊಳ್ಳಬೇಕೇ ಎಂದು ಕೆರಿಯಮ್ಮ ಹೆದರಿದಳು. ಸೊಸೆಯನ್ನು ಕಾಡಿನ ಕಡೆ ಅಟ್ಟಿದಳು, ಮಗನನ್ನೂ ಅಟ್ಟಿದಳು, ತಾನೊಬ್ಬಳೇ ಇರುವುದೆಂದು ಬರೆಸಿದಳು. ಪಕ್ಕದ ಮನೆಯ ಹೂವಮ್ಮ ಬೇಲಿಯಾಚೆಯಿಂದ ಇದನ್ನು ನೋಡಿದಳು. ಮೇಷ್ಟ್ರು ಮೂರನೇ ಮನೆ ಮುಟ್ಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಊರು ಮರಗಳ ಹಿಂದೆ ನಿಂತಿತ್ತು. ಯಾಕೆಂದು ಒಬ್ಬರೂ ಕೇಳಲಿಲ್ಲ. ಹತ್ತೊಂಬತ್ತು ಮನೆ, ಮೂವತ್ತೊಂದು ಜನ ಎಂದು ಲೆಕ್ಕವಾಯಿತು.

ಮಾರ್ಚ್ ಒಂದನೇ ತಾರೀಖು, ತಿದ್ದುಪಡಿಗೆಂದು ಸರ್ಕಾರ ಕೊಟ್ಟಿದ್ದ ಐದು ದಿನಗಳಲ್ಲಿ ಮೊದಲನೆಯದು, ಮೇಷ್ಟ್ರು ಅವಳ ಜಗಲಿಗೆ ಬಂದು ಕೂತರು.

"ಕೆರಿಯಮ್ಮ, ನನ್ನ ಶಾಲೇಲೇ ಇಪ್ಪತ್ತಾರು ಮಕ್ಕಳಿದಾರೆ. ಅವರೆಲ್ಲ ಏನು ಮರದಿಂದ ಉದುರಿದ್ರಾ?"

ಅವಳು ಅಡಿಕೆ ಕತ್ತರಿಸುತ್ತಲೇ ಇದ್ದಳು.

"ಹಿನ್ನೀರಿನ ಆಚೆ ಹೊಳೆಬಾಗಿಲಿಗೆ ಹೋಗೋ ಲಾಂಚು ನಮ್ಮ ದಡದಲ್ಲೂ ನಿಲ್ಲಲಿ ಅಂತ ನಾನು ಅರ್ಜಿ ಹಾಕಿದೀನಿ. ಎಷ್ಟು ಜನ ಇದೀರಿ, ಜನಗಣತಿ ಲೆಕ್ಕ ಕಳಿಸಿ ಅಂದಿದಾರೆ. ಮೂವತ್ತೊಂದು ಜನಕ್ಕೆ ಲಾಂಚು ಯಾರು ನಿಲ್ಲಿಸ್ತಾರೆ? ದುರ್ಗಮ್ಮನ್ನ ಈ ಸಲನೂ ದೋಣಿ ಕಾದು ಕೂರಿಸ್ತೀಯಾ?"

ಕೆರಿಯಮ್ಮನ ಕೈಯಲ್ಲಿದ್ದ ಅಡಿಕೆಕತ್ತರಿ ನಿಂತಿತು. "ಎಲ್ಲಾ ಬರೆಸಿದ್ರೆ ಎಷ್ಟಾಗ್ತದೆ?"

"ಎಂಬತ್ತೇಳು."

"ರಾಜ್ಯಕ್ಕೆಲ್ಲ ಎಷ್ಟು ಜನ?"

"ಮೂರು ಕೋಟಿ ಮೇಲೆ. ಅದರಲ್ಲಿ ನಿಮ್ಮ ಎಂಬತ್ತೇಳು ಕಣ್ಣಿಗೂ ಕಾಣಲ್ಲ. ಬಚ್ಚಿಟ್ಟು ಏನಾಗಬೇಕು?"

ಕೆರಿಯಮ್ಮ ಅಡಿಕೆಕತ್ತರಿಯನ್ನು ಕೆಳಗಿಟ್ಟಳು. "ಆ ಮೂರು ಕೋಟಿ ಜನ ನಾ ಹೇಳ್ದಂಗೆ ಕೇಳಲ್ಲ ಮೇಷ್ಟ್ರೆ. ಈ ಎಂಬತ್ತೇಳು ಜನ ಕೇಳ್ತಾರೆ. ನಂಗೆ ಹೆದ್ರಿಕೆ ಆಗ್ತಾ ಇರಾದು ಅದಕ್ಕೆ."

ಆ ದಿನ ಅವಳು ಮನೆಮನೆಗೆ ಹೋದಳು. "ನಾ ತಪ್ಪು ಮಾಡಿರಬಹುದು. ಬರೆಸಾದು ಬಿಡಾದು ನೀವೇ ಯೋಚ್ನೆ ಮಾಡಿ," ಎಂದಳು.

"ನೀ ಹೇಳ್ದಂಗೆ," ಎಂದಳು ಹೂವಮ್ಮ.

"ನಾ ಏನೂ ಹೇಳ್ತಾ ಇಲ್ಲ ಮಾರಾಯ್ತಿ."

"ಹಂಗಾದ್ರೆ ಹಂಗೇ."

ಉಳಿದ ಮನೆಗಳಲ್ಲೂ ಇದೇ ಉತ್ತರ. ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ಬಾವಿಗೆ ಹಾರಿ ಎಂದರೂ ಇವರು ಹಗ್ಗ ಸರಿಸಿ ಹಾರಿಯಾರು. ಕಡೆಗೆ ಮರುದಿನ ಎಲ್ಲರನ್ನೂ ಶಾಲೆಯ ಮುಂದೆ ನಿಲ್ಲಿಸಿದಳು. ಒಬ್ಬೊಬ್ಬರೂ ಹೆಸರು ಹೇಳುವ ಮೊದಲು ಅವಳ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಸಂಜೆಗೆ ಅವಳಿಗೆ ಕತ್ತು ನೋವು, ಮೇಷ್ಟ್ರಿಗೆ ಸಂತೋಷ.

ಜೂನ್ ಮೊದಲ ವಾರ ಲಾಂಚು ಕೆಂಜಿಹಕ್ಕಲಿನ ದಡಕ್ಕೆ ಬಂತು. ದುರ್ಗಮ್ಮನಿಗೆ ದಿನ ತುಂಬಿತ್ತು, ಕಾಲು ಬಾತಿತ್ತು, ಸಾಗರದ ಆಸ್ಪತ್ರೆಗೆ ಹೋಗಲೇಬೇಕಿತ್ತು. ತನ್ನ ಹಳೇ ಮನೆಯನ್ನು ನುಂಗಿದ ಆ ನೀರಿನ ಮೇಲೆ ಕೆರಿಯಮ್ಮ ಒಮ್ಮೆಯೂ ಹೋಗಿರಲಿಲ್ಲ. ಸೊಸೆಯ ತೋಳು ಹಿಡಿದು ಹಲಗೆ ದಾಟಿ, ಲಾಂಚಿನ ಆಚೆ ಅಂಚಿನ ಬೆಂಚಿನಲ್ಲಿ ಅವಳನ್ನು ಕೂರಿಸಿದಳು. ತಿರುಗಿ ನೋಡಿದರೆ ಕಳಿಸಿಕೊಡಲು ಬಂದಿದ್ದ ಊರೂ ಹಲಗೆ ದಾಟಿ ಬರುತ್ತಿತ್ತು.

ಎಲ್ಲರೂ ಅವಳಿದ್ದ ಪಕ್ಕಕ್ಕೇ ಬಂದರು. ಲಾಂಚು ವಾಲಿತು. ನೀರು ಅಂಚು ದಾಟಿ ದುರ್ಗಮ್ಮನ ಪಾದ ಮುಟ್ಟಿತು. ಲಾಂಚು ನಡೆಸುವ ಭೂತಪ್ಪ ಇಳೀರಿ, ಇಳೀರಿ ಎಂದು ಗಂಟಲು ಹರಿಯುವಂತೆ ಕೂಗಿದ. ಯಾರೂ ಅವನ ಕಡೆ ನೋಡಲಿಲ್ಲ. ಎಲ್ಲರ ಕಣ್ಣು ಕೆರಿಯಮ್ಮನ ಮೇಲಿತ್ತು.

ತಾನು ಇಳಿದರೆ ಎಲ್ಲರೂ ಒಟ್ಟಿಗೆ ದಡದ ಕಡೆ ನುಗ್ಗುತ್ತಾರೆ, ಲಾಂಚು ಮಗುಚುತ್ತದೆ. ನಿಂತರೆ ಇಲ್ಲೇ ಮುಳುಗುತ್ತದೆ. ಏನೂ ತೋಚದೆ ಅವಳು ಒದ್ದೆ ಹಲಗೆಯ ಮೇಲೆ ಕುಸಿದು ಕೂತಳು. ಎಲ್ಲರೂ ಕೂತರು. ಲಾಂಚು ಅಲ್ಲಾಡುವುದು ಕಡಿಮೆಯಾಯಿತು.

"ಹೂವಮ್ಮ, ನೀ ಒಬ್ಳೇ ಎದ್ದು ಮೆಲ್ಲಗೆ ಇಳಿ," ಎಂದಳು ಕೆರಿಯಮ್ಮ. "ಮಾಸ್ತಪ್ಪ, ಅವಳು ದಡ ಮುಟ್ಟಿದ ಮೇಲೆ ನೀನು." ಹೀಗೆ ಒಂದೊಂದೇ ಹೆಸರು ಕರೆದಳು. ಬಾಯಿತಪ್ಪಿ ಎರಡು ಹೆಸರು ಒಟ್ಟಿಗೆ ಬಂದರೆ ಏನಾದೀತೆಂದು ಪ್ರತಿ ಹೆಸರಿಗೂ ಮೊದಲು ಅವಳು ತಡೆಯುತ್ತಿದ್ದಳು. ಕಡೆಗೆ ಮಗನೂ ಇಳಿದ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು.

ಲಾಂಚು ಹೊರಟಿತು. ದಡದಲ್ಲಿ ಇಳಿದವರೆಲ್ಲ ಇನ್ನೂ ಕುಕ್ಕರಗಾಲಲ್ಲಿ ಕೂತೇ ಇದ್ದರು, ಅವಳು ಎದ್ದಿರಲಿಲ್ಲವಲ್ಲ. ಮನೆಗೆ ಹೋಗಿ ಎಂದು ಅವಳು ಕೈಬೀಸಿದಳು. ದಡದುದ್ದಕ್ಕೂ ಅಷ್ಟು ಕೈಗಳು ಎದ್ದು ಹಾಗೆಯೇ ಬೀಸಿದವು. ಕೆರಿಯಮ್ಮ ಗಾಬರಿಯಿಂದ ತನ್ನ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.