ನೀಲತ್ತೆಯ ಸಂಗಡ ಹೋದ ಕರಿಕಲ್ಲು

ಎರಡು ಕರಿಕಲ್ಲುಗಳನ್ನು ಒಂದಕ್ಕೊಂದು ಬಡಿದರೆ ಸುಟ್ಟ ವಾಸನೆಯೊಂದು ಏಳುತ್ತದೆ. ಮೊನ್ನೆ ಮೊಮ್ಮಗಳು ಅಂಗಳದಲ್ಲಿ ಹಾಗೆ ಬಡಿದು ಆಡುತ್ತಿದ್ದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಇಳಕಲ್ಲಿನ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಹೋಗಿ ಕುಳಿತುಬಿಟ್ಟೆ. ಆ ಮನೆ ಈಗಿಲ್ಲ. ನಿಮಗೂ ಅಂಥದೊಂದು ಮನೆ ಇದ್ದೀತು. ಹಿಟ್ಟಿನ ಗಿರಣಿ ಊರಿಗೆ ಬಾರದ ಕಾಲ. ನಮ್ಮಲ್ಲಿ ಮಗ್ಗಕ್ಕಿಂತ ಮೊದಲು ಏಳುತ್ತಿದ್ದುದು ಆಯಿಯ, ಅಂದರೆ ಅಪ್ಪನ ತಾಯಿಯ, ಬೀಸುವ ಕಲ್ಲು. ಹುನಗುಂದದ ಕಡೆ ಅವಳ ತವರಿನ ಹಳ್ಳದ ದಂಡೆಗೆ ಕರಿಬಂಡೆಗಳು ತಲೆದಿಂಬು ಒಟ್ಟಿದ ಹಾಗೆ ಬಿದ್ದಿದ್ದವು. ಅವುಗಳದೇ ಒಂದು ತುಂಡು ಆ ಬೀಸುವ ಕಲ್ಲು. ಭೂಮಿತಾಯಿ ಒಲೆ ಹೊತ್ತಿಸಿದಾಗ ಉಕ್ಕಿ ಹರಿದ ಗಂಜಿಯೇ ಕಲ್ಲಾಯಿತು ಎನ್ನುತ್ತಿದ್ದಳು ಆಯಿ. ನಾವು ನಗುತ್ತಿದ್ದೆವು. ಮುಂದೆ ಪುಣೆಯಲ್ಲಿ ಕಲಿತುಬಂದ ನನ್ನ ತಮ್ಮ, ಅದು ನೆಲದೊಳಗಿಂದ ಉಕ್ಕಿದ ಬೆಂಕಿಯ ಕಲ್ಲೇ ಹೌದು, ನೀರಿಗೆ ಬಿದ್ದು ಗಕ್ಕನೆ ಆರಿದ್ದರಿಂದ ದಿಂಬಿನ ಆಕಾರ ಬಂದಿದೆ, ಹರಳು ಕಣ್ಣಿಗೇ ಕಾಣದಷ್ಟು ಸಣ್ಣ ಎಂದ. ನಮ್ಮೂರ ಕೆಂಪುಕಲ್ಲು ಆಳದಲ್ಲಿ ನಿಧಾನವಾಗಿ ಆರಿದ್ದಂತೆ. ಅದರ ಹರಳು ಜೋಳದ ಕಾಳಿನಷ್ಟು ದಪ್ಪ.

ಇದೊಂದೂ ಗೊತ್ತಿಲ್ಲದ ನಮ್ಮಪ್ಪ ಒಂದು ಘನಂದಾರಿ ಕೆಲಸ ಮಾಡಿದ. ಅವನ ತಂಗಿ ನೀಲತ್ತೆಯನ್ನು ನೋಡಲು ಶಿರೂರಿನವರು ಬರುವವರಿದ್ದರು. ಹುಡುಗನನ್ನು ಅತ್ತೆ ಬನಶಂಕರಿ ಜಾತ್ರೆಯಲ್ಲಿ ಕದ್ದು ನೋಡಿ ಮೆಚ್ಚಿದ್ದಳು. ಆಗುವುದಾದರೆ ಇದೇ ಸಂಬಂಧ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ನೋಡಬಂದವರಿಗೆ ಹುಡುಗಿ ತಾನೇ ಬೀಸಿ ರೊಟ್ಟಿ ಬಡಿದು ಉಣ್ಣಿಸುವುದು ನಮ್ಮ ಮನೆತನದ ರೂಢಿ. ಊರ ಕಲ್ಲಿನ ಅಭಿಮಾನ ತಲೆಗೇರಿದ ಅಪ್ಪ, ಕೆಂಪುಕಲ್ಲಿನ ಹೊಸ ಬೀಸುವ ಕಲ್ಲು ಮಾಡಿಸಿ ತಂದ. ಕೆಂಪು ಹೊಸ್ತಿಲಿಗೆ ಚಂದ, ಹಿಟ್ಟಿಗಲ್ಲ ಎಂದು ಆಯಿ ಗೊಣಗಿದಳು. ಕೇಳುವವರಾರು?

ಹುಡುಗನ ತಾಯಿ ಮೊದಲ ತುತ್ತು ಬಾಯಿಗಿಟ್ಟಳು. ಕರಕ್! ಎರಡನೆಯದಕ್ಕೂ ಕರಕ್. ಹೊಸ ಕಲ್ಲಿನ ಹರಳೆಲ್ಲ ಉದುರಿ ರೊಟ್ಟಿಯಲ್ಲಿತ್ತು. ಅಪ್ಪನ ಮುಖ ಹುಳ್ಳಗಾಯಿತು. ಅತ್ತೆ ಮಾತ್ರ ಅಳಲಿಲ್ಲ, ನನ್ನ ಬಂಗಾರದಂಥ ನೀಲತ್ತೆ! ಎದ್ದವಳೇ ಆಯಿಯ ಕರಿಕಲ್ಲಿನ ಮುಂದೆ ಕುಳಿತಳು, ಗೂಟ ಹಿಡಿದಳು, ಬಂದವರೆಲ್ಲ ಕೇಳುವಂತೆ ಬೀಸುವ ಪದ ಎತ್ತಿದಳು. ಬಿಸಿ ರೊಟ್ಟಿ ಮತ್ತೆ ಬಂತು. ಹುಡುಗನ ತಾಯಿ ಬದನೆಕಾಯಿ ಪಲ್ಯ ಹಚ್ಚಿಕೊಂಡು ಹೊಟ್ಟೆ ತುಂಬ ಉಂಡು, ಕೈ ತೊಳೆದು ಆಯಿಯತ್ತ ತಿರುಗಿದಳು.

"ಹುಡುಗಿ ನಮ್ಮಾಕಿ ಆದ್ಳ್ರಿ. ಆದ್ರ ಆಕಿ ಸಂಗಾಟ ಆ ಕರೀ ಕಲ್ಲೂ ಕಳಸ್ರಿ."

ಮನೆಗೆ ಮನೆಯೇ ನಕ್ಕಿತು. ಆಯಿಯೂ ನಕ್ಕು ಹೂಂ ಎಂದಳು.

ಮದುವೆ ಮುಗಿದು ಬಂಡಿ ಹೊರಟಾಗ ಕಲ್ಲಿಗೂ ಅರಿಶಿನ ಕುಂಕುಮ ಹಚ್ಚಿ ಮೇವಿನ ಮೇಲೆ ಕೂರಿಸಿದ್ದರು. ಅತ್ತೆ ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮುಖದ ಖುಷಿ ಮಾತ್ರ ಮುಚ್ಚಲಾಗುತ್ತಿರಲಿಲ್ಲ. ಬಂಡಿ ಮರೆಯಾದ ಮೇಲೆ ಆಯಿ ಒಳಗೆ ಬಂದು ಕಲ್ಲಿದ್ದ ಜಾಗವನ್ನು ಸೆರಗಿನಿಂದ ಒರೆಸಿ, ಅಲ್ಲೇ ಕುಳಿತುಬಿಟ್ಟಳು. ಅಪ್ಪ ಮೆಲ್ಲಗೆ ಪಕ್ಕಕ್ಕೆ ಬಂದು, ಮಗಳ ನೆನಪಾಯಿತೇ ಎಂದು ಕೇಳಿದ.

"ಮಗಳು ಪಂಚಮಿ ಹಬ್ಬಕ್ಕರ ಬರ್ತಾಳಪ್ಪಾ," ಎಂದಳು ಆಯಿ. "ಅದೇನ್ ಬರ್ತೈತಿ?"