ಜಿನೋವಾಕ್ಕೆ ಎರಡು ಟಿಕೆಟ್

2014ರಲ್ಲಿ ನಾನು ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ಟ್ರಾವೆಲ್ ಏಜೆಂಟ್. ಹನ್ನೊಂದು ವರ್ಷದ ಅನುಭವ, ಸಾಲದ್ದಕ್ಕೆ ನನ್ನಷ್ಟು ಚುರುಕಾಗಿ ಟಿಕೆಟ್ ಮಾಡುವವರಿಲ್ಲ ಎಂಬ ಜಂಬ ಬೇರೆ. ಇಟಲಿಯ ಪುರಾತನ ಬಂದರು ಜಿನೋವಾಕ್ಕೆ ಎಷ್ಟೋ ಜನರನ್ನು ಕಳಿಸಿದ್ದೆ. ಅಲ್ಲಿನ ದೀಪಸ್ತಂಭ, ಇಕ್ಕಟ್ಟಾದ ಓಣಿಗಳನ್ನು ಕಣ್ಣಾರೆ ಕಂಡವನಂತೆ ವರ್ಣಿಸುತ್ತಿದ್ದೆ. ಕಂಡಿರಲಿಲ್ಲ.

ಆಗಸ್ಟ್‌ನಲ್ಲಿ ಹ್ಯಾಮಿಲ್ಟನ್‌ನ ಪಾಟೀಲರು ಫೋನ್ ಮಾಡಿದರು. ಧಾರವಾಡದ ಕಡೆಯವರು, ಡೈರಿ ಕಂಪನಿಯಲ್ಲಿ ಎಂಜಿನಿಯರ್, ನನ್ನ ಹಳೆಯ ಗಿರಾಕಿ, ಟಿಕೆಟ್ಟು ವೀಸಾ ಎಲ್ಲವನ್ನೂ ನನಗೇ ಬಿಡುವವರು. ಮಗಳು ಸ್ಮಿತಾ ಗಂಡನ ಜೊತೆ ಜಿನೋವಾದಲ್ಲಿದ್ದು ಹಡಗು ವಿನ್ಯಾಸದ ಕೆಲಸ ಮಾಡುತ್ತಿದ್ದಳು, ಅಕ್ಟೋಬರಿಗೆ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ತಾಯಿ ಹೋಗಬೇಕು, ಜೊತೆಗೆ ಇವರೂ. ಕಾರು ನಿಲ್ಲಿಸಿಕೊಂಡು ಮಾತಾಡುತ್ತಿದ್ದರು, ಪಕ್ಕದಲ್ಲೇ ಹೆಂಡತಿ ಸುಶೀಲಾ ಆಂಟಿ. ಪಾಟೀಲರದು ನ್ಯೂಜಿಲೆಂಡ್ ಪಾಸ್‌ಪೋರ್ಟ್, ಇಟಲಿಗೆ ವೀಸಾ ಬೇಕಿಲ್ಲ. ಹೆಂಡತಿಯದೂ ಅದೇ ಇರುತ್ತದೆ ಎಂದುಕೊಂಡೆ. ನಮ್ಮವರಲ್ಲಿ ಪ್ರಯಾಣದ ಮಾತೆಲ್ಲ ಗಂಡಸರ ಹತ್ತಿರವೇ. ಆಂಟಿಗೆ ಫೋನ್ ಕೊಡಿ ಎಂದು ನಾನು ಯಾವತ್ತೂ ಕೇಳಿದವನಲ್ಲ.

ಹೊರಡುವ ಹಿಂದಿನ ದಿನವೇ ಸ್ಮಿತಾಗೆ ಹೆರಿಗೆಯಾಯಿತು. ಕೂಸು ಚೆನ್ನಾಗಿತ್ತು, ತಾಯಿಗೆ ರಕ್ತಸ್ರಾವ ನಿಲ್ಲದೆ ಐಸಿಯುಗೆ ಸೇರಿಸಿದರು. ಸುದ್ದಿ ಕೇಳಿ ನಾನೂ ವಿಮಾನ ನಿಲ್ದಾಣಕ್ಕೆ ಓಡಿದೆ. ಕೌಂಟರಿನವಳು ಆಂಟಿಯ ಭಾರತೀಯ ಪಾಸ್‌ಪೋರ್ಟ್ ತಿರುವಿ ಹಾಕಿ, ವೀಸಾ ಎಲ್ಲಿ ಎಂದಳು. ಹದಿನಾರು ವರ್ಷ ಇಲ್ಲಿದ್ದರೂ ಆಂಟಿ ಇಲ್ಲಿಯ ಪೌರತ್ವ ತೆಗೆದುಕೊಂಡಿರಲಿಲ್ಲ. ಬೇಡಿಕೊಂಡೆ, ಮ್ಯಾನೇಜರನ್ನು ಕರೆಸಿದೆ, ದನಿ ಏರಿಸಿ ಜಗಳವನ್ನೂ ಆಡಿದೆ. ತಪ್ಪು ನನ್ನದು, ಕೂಗಾಡಿದ್ದು ಅವರ ಮೇಲೆ! ಕೌಂಟರ್ ಮುಚ್ಚಲು ಹದಿನೈದು ನಿಮಿಷವಿತ್ತು.

"ನೀವರ ಹೋಗ್ರಿ," ಎಂದರು ಆಂಟಿ.

"ನಾ ಹೋಗಿ ಏನ್ ಮಾಡ್ಲಿ? ಅಕಿ ಕರಿಯಾಕತ್ತಿರೂದು ನಿನ್ನ," ಎಂದರು ಪಾಟೀಲರು.

"ಅಕಿ ತಲಿ ಮ್ಯಾಲೆ ಕೈ ಇಡ್ರಿ. ಅಷ್ಟ ಸಾಕು."

ಪಾಟೀಲರು ಒಬ್ಬರೇ ಹೋದರು. ಮರುದಿನ ಆಂಟಿಯನ್ನು ವೆಲ್ಲಿಂಗ್ಟನ್‌ನ ಇಟಲಿ ರಾಯಭಾರ ಕಚೇರಿಗೆ ನಾನೇ ಕರೆದೊಯ್ದೆ. ಅಲ್ಲಿಯವರು ಬೇರೆ ಕೆಲಸ ಬದಿಗಿಟ್ಟು ಅರ್ಜಿ ನೋಡಿದರು, ಆದರೂ ಮೂರು ದಿನ ಹಿಡಿಯಿತು. ವೀಸಾ ಕೈಗೆ ಬಂದ ಬೆಳಿಗ್ಗೆಯೇ ಪಾಟೀಲರ ಫೋನ್. ಅವರು ತಲುಪಿದಾಗ ಸ್ಮಿತಾಗೆ ಎಚ್ಚರವಿತ್ತಂತೆ, ಅವ್ವ ಎಲ್ಲಿ ಎಂದು ಕೇಳಿದಳಂತೆ. ಈಗ ಅವಳಿಲ್ಲ. ಆಂಟಿ ಗೋಡೆಗೆ ಒರಗಿ ಕೂತರು. ಆಮೇಲೆ, ಕೂಸು ಐತಲ್ಲ, ಟಿಕೆಟ್ ಮಾಡ್ರಿ ಎಂದರು.

ಮೂರು ತಿಂಗಳ ನಂತರ, ಕೂಸನ್ನು ಅಳಿಯನಿಗೆ ಒಪ್ಪಿಸಿ ಅವರಿಬ್ಬರೂ ಮರಳಿದಾಗ ಹ್ಯಾಮಿಲ್ಟನ್‌ಗೆ ಹೋದೆ. ಊರು ಹೇಗಿತ್ತೆಂದು ನೆರೆಯವರು ಕೇಳುತ್ತಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲಿಂದ ಬಂದರು ಕಾಣುತ್ತಿತ್ತು, ಮಿಕ್ಕಿದ್ದು ನೋಡಲಿಲ್ಲ ಎಂದರು ಆಂಟಿ.

ಇಂದಿಗೂ ಪ್ರಯಾಣ ಮಾಡುವವರ ಬಾಯಿಂದಲೇ ಕೇಳದೆ ನಾನು ಟಿಕೆಟ್ ಮಾಡುವುದಿಲ್ಲ. ಗಂಡಂದಿರು ರೇಗಿದರೆ ರೇಗಲಿ. ಅಂದು ಹ್ಯಾಮಿಲ್ಟನ್‌ನಲ್ಲಿ ಕಾಲಿಗೆ ಬೀಳಲು ಬಾಗಿದ ನನ್ನನ್ನು ತಡೆದು, ಸಿಟ್ಟಿಲ್ಲದೆ ಆಂಟಿ ಹೇಳಿದ್ದಿಷ್ಟು:

"ಕಾರಿನ್ಯಾಗ ಅವರ ಬಾಜೂಕ ಕುಂತಿದ್ದೆ. ನನಗೊಂದು ಮಾತು ಕೇಳಿದ್ರ ಹೇಳ್ತಿದ್ದೆ."