ಟರ್ಬೈನಿಗೆ ಬೈಯುತ್ತಿದ್ದ ಹಿರಿಯಣ್ಣಗೌಡರು

ಹಿರಿಯಣ್ಣಗೌಡರು ಬೆಳಿಗ್ಗೆ ಪವರ್‌ಹೌಸಿನ ಮೆಟ್ಟಿಲಿಳಿದು ಬಂದವರೇ ಮೊದಲು ಟರ್ಬೈನಿಗೆ ಬೈಯುತ್ತಿದ್ದರು. ಉಳಿದವರೆಲ್ಲ ಗೋಡೆಯ ಮೇಲಿನ ದೇವರ ಪಟಕ್ಕೆ ಕೈಮುಗಿದು ಕೆಲಸಕ್ಕೆ ತೊಡಗಿದರೆ, ಇವರು ಸೊಂಟದ ಮೇಲೆ ಕೈಯಿಟ್ಟು, ಗಿರ್ರೆಂದು ತಿರುಗುತ್ತಿದ್ದ ಆ ದಪ್ಪ ಶಾಫ್ಟಿನ ಮುಂದೆ ನಿಲ್ಲುತ್ತಿದ್ದರು. "ಎಂಥದೋ ಸೋಂಬೇರಿ, ರಾತ್ರಿಯೆಲ್ಲ ಗೊರಕೆ ಹೊಡೆದ್ಯಲ್ಲ, ಈಗಾದ್ರೂ ನೆಟ್ಟಗೆ ದುಡೀತೀಯೋ ಇಲ್ವೋ?" ಅದರ ಹಿಂದಿನ ಮೂರು ತಲೆಮಾರನ್ನು ಒಂದು ಸುತ್ತು ವಿಚಾರಿಸಿಕೊಂಡ ಮೇಲೇ ಅವರಿಗೆ ಟೀ.

ನಾನು ಜೂನಿಯರ್ ಇಂಜಿನಿಯರಾಗಿ ಸೇರಿದ ದಿನ ಕಂಡದ್ದು ಈ ದೃಶ್ಯ. ಆನಂದಪುರದಿಂದ ಬಸ್ಸು ಹಿಡಿದು, ಇಸ್ತ್ರಿ ಮಾಡಿದ ಸೀರೆಯುಟ್ಟು, ನೇಮಕದ ಆದೇಶವನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಗೌಡರು ತಿರುಗಿ ನೋಡಿ ನಾಲಗೆ ಕಚ್ಚಿಕೊಂಡರು. "ನಿಂಗಲ್ಲ ಮಾರಾಯ್ತಿ ಬೈದಿದ್ದು, ಇದಕ್ಕೆ. ನಿನ್ನ ಸರದಿ ನಾಳೆಯಿಂದ."

ಎಂಬತ್ತರ ದಶಕದ ಮೊದಲ ವರ್ಷಗಳು. ಸಾಗರಕ್ಕೂ ಹೊಸನಗರಕ್ಕೂ ನಡುವೆ, ಕಾಡಿನೊಳಗಿದ್ದ ಸಣ್ಣ ಪವರ್‌ಹೌಸು ಅದು. ಹೆಸರು ಬೇಡ, ಬರೆದರೆ ಈಗಲೂ ಯಾರಿಗಾದರೂ ಸಿಟ್ಟು ಬಂದೀತು. ಇದ್ದದ್ದು ಒಂದೇ ಯಂತ್ರ. ಗೌಡರು ಅಲ್ಲಿನ ಕಂಟ್ರೋಲ್ ವಿಭಾಗದ ಇಂಜಿನಿಯರು, ತೀರ್ಥಹಳ್ಳಿ ಕಡೆಯವರು. ಅವರ ಹೊಟ್ಟೆ ಅವರಿಗಿಂತ ಒಂದು ಗಳಿಗೆ ಮೊದಲೇ ಕೋಣೆಯೊಳಕ್ಕೆ ಬರುತ್ತಿತ್ತು. ದನಿ ಅದಕ್ಕೂ ಮೊದಲು. ಟರ್ಬೈನಿನ ಸದ್ದನ್ನು ಮೀರಿಸಿ ಮಾತಾಡಿ ರೂಢಿಯಾಗಿ, ಗುಟ್ಟನ್ನೂ ಅವರು ಡಂಗುರದ ಹಾಗೆಯೇ ಹೇಳುತ್ತಿದ್ದರು. ಹೋದ ಊರಲ್ಲೆಲ್ಲ ಮೇಲಧಿಕಾರಿಗಳಿಗೆ ಏನಾದರೊಂದು ಅಂದು, ವರ್ಗವಾಗಿ, ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಇನ್ನೆಲ್ಲಿಗೋ ಅಲೆದವರು.

ಯಂತ್ರಕ್ಕೆ ಆಗಷ್ಟೇ ಎಲೆಕ್ಟ್ರಾನಿಕ್ ಗವರ್ನರ್ ಬಂದಿತ್ತು. ನೀರು ಎಷ್ಟು ಬಿಡಬೇಕೆಂದು ಲೆಕ್ಕ ಹಾಕುವ ಪೆಟ್ಟಿಗೆ ಅದು. ಲೆಕ್ಕವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಅಂಗೈಯಗಲದ ಒಂದು ಕಾರ್ಡು, ಆ ತೀರ್ಮಾನವನ್ನು ಸಣ್ಣ ಕರೆಂಟಾಗಿ ಮಾಡಿ ಕೆಳಗಿನ ಎಣ್ಣೆಯ ವಾಲ್ವಿಗೆ ಕಳಿಸುತ್ತಿತ್ತು. ಕರೆಂಟು ಹೆಚ್ಚಿದರೆ ನೀರಿನ ಬಾಗಿಲು ತೆರೆದುಕೊಳ್ಳುತ್ತದೆ, ಕಡಿಮೆಯಾದರೆ ಮುಚ್ಚಿಕೊಳ್ಳುತ್ತದೆ. ಕಾರ್ಡು ಸತ್ತರೆ ಬಾಗಿಲು ಪೂರ್ತಿ ಮುಚ್ಚಿ ಯಂತ್ರ ನಿಲ್ಲುತ್ತದೆ. ಆ ಕಾರ್ಡಿಗೋ ಸಾಯುವ ಚಟ. ಅದು ಸತ್ತಾಗಲೆಲ್ಲ ಹೊಸನಗರದ ಅಕ್ಕಿ ಗಿರಣಿ ನಿಂತು, ಸಾಗರದ ಟಾಕೀಸಿನಲ್ಲಿ ನಾಯಕಿ ಅಳುತ್ತಿದ್ದಂತೆಯೇ ಕತ್ತಲಾಗಿ, ಜನರ ಶಾಪವೆಲ್ಲ ನಮ್ಮ ಟೆಲಿಫೋನಿಗೆ ಬರುತ್ತಿತ್ತು.

"ತಲೆ ಎಷ್ಟು ಯೋಚನೆ ಮಾಡಿದ್ರೆ ಎಂತ ಬಂತು ಮಾರಾಯ್ತಿ, ಕೈಗೆ ಹೇಳೋ ನರ ತುಂಡಾದ್ರೆ ತುತ್ತು ಬಾಯಿಗೆ ಬರದಿಲ್ಲ," ಎಂದರು ಗೌಡರು. ಅವರ ಉಪಾಯ ಸರಳವಾಗಿತ್ತು. ಒಂದರ ಜಾಗದಲ್ಲಿ ಎರಡು ಕಾರ್ಡು. ಇಬ್ಬರೂ ಅರ್ಧರ್ಧ ಕರೆಂಟು ಹೊರಬೇಕು. ಒಬ್ಬ ಬಿದ್ದರೆ ಇನ್ನೊಬ್ಬ ತಕ್ಷಣ ಪೂರ್ತಿ ಹೊರಬೇಕು.

ಶಿವಮೊಗ್ಗದಿಂದ ಬಂದ ಸೂಪರಿಂಟೆಂಡಿಂಗ್ ಇಂಜಿನಿಯರ್ ಸಾಹೇಬರು ಇದನ್ನು ಕೇಳಿ ಮೂಗು ಮುರಿದರು. "ಒಂದು ಒಳ್ಳೇ ಕಾರ್ಡು ಹಾಕಿದ್ರೆ ಸಾಕಲ್ಲಾ ಗೌಡ್ರೇ, ಎರಡ್ಯಾಕೆ?"

"ತಮಗೆ ಕಿಡ್ನಿ ಎಷ್ಟಿದೆ ಸಾರ್?"

ಸಾಹೇಬರ ಮುಖ ಕೆಂಪಾಯಿತು. "ಆಯ್ತು, ಮಾಡಿ. ಮುಂದಿನ ಸಲ ಬಂದಾಗ ನನ್ನೆದುರೇ ಒಂದು ಕಾರ್ಡು ಕಿತ್ತು ತೋರಿಸಿ. ಯಂತ್ರ ನಿಂತ್ರೆ ನೀವು ಬಯಲುಸೀಮೆಗೆ ಗಂಟುಮೂಟೆ ಕಟ್ಟಿ."

ನಾವಿಬ್ಬರೂ ಕೂತು ಮಾಡಿದೆವು. ಗೌಡರು ಬೆಸುಗೆ ಹಾಕುವುದು, ನಾನು ಅಳೆದು ನೋಡುವುದು. ನಾನು ತಪ್ಪು ಹುಡುಕಿದರೆ ಅವರಿಗೆ ಹಬ್ಬ. "ನೋಡಿದ್ರೇನ್ರೋ, ಈ ಹುಡುಗಿ ನನ್ನ ಮಾನ ಕಳೀತು!" ಎಂದು ಅಡಿಗೆಯವನ ತನಕ ಎಲ್ಲರಿಗೂ ಸಾರಿ ಬರುತ್ತಿದ್ದರು.

ಪರೀಕ್ಷೆಯ ದಿನ ಸಾಹೇಬರು ಪರಿವಾರ ಸಮೇತ ಬಂದರು. ಗೌಡರು ಮದುಮಗನ ಹಾಗೆ ಬಿಳಿ ಅಂಗಿ ತೊಟ್ಟಿದ್ದರು. ಯಂತ್ರ ಪೂರ್ತಿ ಹೊರೆಯಲ್ಲಿ ಓಡುತ್ತಿತ್ತು. "ನೋಡಿ ಸಾರ್," ಎಂದು ಒಂದು ಕಾರ್ಡನ್ನು ಸರಕ್ಕನೆ ಎಳೆದರು.

ಟಪ್ ಎಂದು ಸದ್ದಾಯಿತು. ಎಣ್ಣೆಯ ಪಂಪು ಮುಲುಗಿತು, ನೀರಿನ ಬಾಗಿಲು ಮುಚ್ಚಿಕೊಂಡಿತು, ದೀಪಗಳೆಲ್ಲ ಆರಿದವು. ಬ್ಯಾಟರಿಯ ಒಂದೇ ಒಂದು ಮಂದ ಬಲ್ಬಿನ ಕೆಳಗೆ ಸಾಹೇಬರ ಬೋಳುತಲೆ ಮಾತ್ರ ಹೊಳೆಯುತ್ತಿತ್ತು. ಅಷ್ಟರಲ್ಲಿ ಕತ್ತಲೊಳಗಿಂದ ಗಹಗಹಿಸುವ ನಗು ಕೇಳಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಇಬ್ರು ಮಕ್ಕಳಿಗೂ ಸೇರಿ ಒಂದೇ ಚಡ್ಡಿ ಹೊಲಿಸಿದೀನಲ್ಲೋ!"

ನಿಜವೇ. ಕಾರ್ಡು ಎರಡಾದರೂ ಎರಡಕ್ಕೂ ವಿದ್ಯುತ್ತು ಬರುತ್ತಿದ್ದದ್ದು ಒಂದೇ ಫ್ಯೂಸಿನಿಂದ. ಎಳೆಯುವಾಗ ಕಿಡಿ ಹಾರಿ ಅದೇ ಹೋಗಿತ್ತು. ಅಳೆದು ನೋಡಿದ ನನಗೂ ಅದು ಹೊಳೆದಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಗೌಡರು, "ಪೂರಾ ನನ್ನದೇ ಪೆದ್ದುತನ ಸಾರ್, ಇವ್ಳನ್ನ ಎಂತದೂ ಕೇಳಬೇಡಿ," ಎಂದುಬಿಟ್ಟರು. ಸಾಹೇಬರು ಸೀದಾ ಹೋಗಿ ಜೀಪು ಹತ್ತಿದರು.

ಸಂಜೆ ಕ್ವಾರ್ಟರ್ಸಿಗೆ ಹೋದಾಗ ಗೌಡರ ಹೆಂಡತಿ ಶಾರದಕ್ಕ ಕಾಫಿ ಕೊಟ್ಟರು. ಪಕ್ಕದ ಶಾಲೆಯಲ್ಲಿ ಟೀಚರಾಗಿದ್ದ ಅವರು ಪ್ರತಿ ವರ್ಗಾವಣೆಗೂ ಗಂಡನ ಹಿಂದೆ ಊರು ಬಿಟ್ಟವರು. "ಈ ಸಲ ನಾನು ಪಾತ್ರೆ ಕಟ್ಟದಿಲ್ಲ. ನಿಮ್ಮ ನಾಲಗೆ ಒಂದನ್ನ ಕಟ್ಟಿಕೊಂಡು ನೀವೊಬ್ರೇ ಹೋಗಿ," ಎಂದು ಒಳಗೆ ಹೋದರು. ಗೌಡರು ನಗಲಿಲ್ಲ. ಅವರು ನಗದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಫಿ ಆರುವ ತನಕ ಲೋಟ ಹಿಡಿದುಕೊಂಡೇ ಕೂತರು. ಆಮೇಲೆ ಮೆಲ್ಲಗೆ, "ಅವ್ಳಿಗೆ ಈ ಊರಿನ ಮಕ್ಳು ಹೊಂದಿಕೊಂಡಿದಾವೆ ಮಾರಾಯ್ತಿ," ಎಂದರು.

ವರ್ಗಾವಣೆಯ ಆದೇಶ ಬರುವುದರೊಳಗೆ ಮುಗಿಸಬೇಕೆಂದು ಮತ್ತೆ ಕೂತೆವು. ಈ ಸಲ ಒಬ್ಬೊಬ್ಬನಿಗೂ ಬೇರೆ ಫ್ಯೂಸು, ಬೇರೆ ಸಪ್ಲೈ. ವಾಲ್ವಿಗೆ ಹೋಗುವ ತಂತಿಗೂ ಬೇರೆ ಬೇರೆ ದಾರಿ. "ಅಣ್ತಮ್ಮಂದ್ರು ಚೆನ್ನಾಗಿರಬೇಕಂದ್ರೆ ಒಲೆ ಬೇರೆ ಮಾಡಬೇಕು," ಎಂದು ಅವರ ವೇದಾಂತ. ಎರಡನೇ ಪರೀಕ್ಷೆಗೆ ಯಾವ ಸಾಹೇಬರೂ ಇರಲಿಲ್ಲ. "ನೀನೇ ಎಳಿ, ನನ್ನ ಕೈಗುಣ ಗೊತ್ತಾಯ್ತಲ್ಲ," ಎಂದು ಅವರು ಹಿಂದೆ ಸರಿದರು. ನಾನು ಒಂದು ಕಾರ್ಡನ್ನು ಎಳೆದೆ. ಮೀಟರಿನ ಮುಳ್ಳು ಒಮ್ಮೆ ನಡುಗಿ, ಇದ್ದಲ್ಲೇ ನಿಂತಿತು. ಯಂತ್ರಕ್ಕೆ ಗೊತ್ತೇ ಆಗಲಿಲ್ಲ. ತಿರುಗಿ ನೋಡಿದರೆ ಗೌಡರು ಗೋಡೆಯ ಕಡೆ ಮುಖ ಮಾಡಿ ಮೂಗು ಒರೆಸಿಕೊಳ್ಳುತ್ತಿದ್ದರು. "ಎಣ್ಣೆ ಹಬೆ," ಎಂದರು, ನಾನು ಕೇಳದಿದ್ದರೂ.

ಮುಂಗಾರಿಗೆ ಮೊದಲಿನ ಒಂದು ಮಧ್ಯಾಹ್ನ ಬೆಟ್ಟದ ಮೇಲಿನ ವಿದ್ಯುತ್ ಲೈನಿಗೆ ಸಿಡಿಲು ಬಡಿಯಿತು. ಪೆಟ್ಟಿಗೆಯಿಂದ ಸುಟ್ಟ ವಾಸನೆ, ಎಚ್ಚರಿಕೆಯ ಗಂಟೆ. ಒಂದು ಕಾರ್ಡು ಕರಕಲಾಗಿತ್ತು. ಯಂತ್ರ ಮಾತ್ರ ಒಮ್ಮೆಯೂ ತೂಕಡಿಸದೆ ಓಡುತ್ತಿತ್ತು. ಓಡುತ್ತಿದ್ದಂತೆಯೇ ಹೊಸ ಕಾರ್ಡು ಕೂರಿಸಲು ಹೊರಟಾಗ ಫೋನು. ಸಾಹೇಬರು.

"ಗೌಡ್ರೇ, ಎಲ್ಲ ಕಡೆ ಟ್ರಿಪ್ ಆಗಿ ಯಂತ್ರ ನಿಂತಿವೆಯಂತೆ. ನಿಮ್ಮ ಯಂತ್ರ?"

"ನಡೀತಿದೆ ಸಾರ್. ಅಣ್ಣ ಸತ್ತ, ತಮ್ಮ ಮನೆ ನಡೆಸ್ತಿದಾನೆ. ಈಗ ಅಣ್ಣನಿಗೆ ಪುನರ್ಜನ್ಮ ಕೊಡ್ತಿದೀವಿ, ಆಮೇಲೆ ಫೋನ್ ಮಾಡಿ." ಫೋನು ಇಟ್ಟೇಬಿಟ್ಟರು.

ಸಾಹೇಬರು ಹೊಗಳಲಿಲ್ಲ. ಆದರೆ ವರ್ಗಾವಣೆಯ ಸುದ್ದಿಯೂ ಮತ್ತೆ ಬರಲಿಲ್ಲ. ಜೋಡಿ ಕಾರ್ಡಿನ ಉಪಾಯ ತಮ್ಮದೇ ಎಂದು ಅವರು ಮೇಲಿನವರಿಗೆ ಹೇಳಿಕೊಂಡಿದ್ದಾರೆಂದು ತಿಳಿದು ನಾನು ಕುದಿದೆ. ಗೌಡರು ನನ್ನ ಬೆನ್ನು ತಟ್ಟಿದರು. "ಇರ್ಲಿ ಬಿಡು. ನಾಳೆ ಕೆಟ್ರೆ ಬೈಯೋಕೆ ನಮಗೂ ಒಬ್ರು ಬೇಕಲ್ಲ."

ನಿವೃತ್ತಿಯಾಗಿ ತೀರ್ಥಹಳ್ಳಿಯ ಕಡೆ ಹೋದ ಮೇಲೆ ಅವರು ಬಹಳ ದಿನ ಇರಲಿಲ್ಲ. ಎಂಬತ್ತರ ದಶಕ ಮುಗಿಯುವುದರೊಳಗೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರಂತೆ. ಎದೆಯಲ್ಲಿದ್ದ ಗುಂಡಿಗೆ ಒಂದೇ, ಪಾಪ.

ತಿಥಿಯ ಊಟಕ್ಕೆ ಹೋಗಿದ್ದೆ. ಎಲೆಗೆ ಬಡಿಸುತ್ತಿರುವಾಗ ಒಬ್ಬೊಬ್ಬರೇ ಎದ್ದು ನಿಂತು ಮಾತಾಡಿದರು. ಸಾತ್ವಿಕ ಸ್ವಭಾವದವರು ಎಂದರು. ಮೃದುಭಾಷಿ ಎಂದರು. ಇರುವೆಗೂ ನೋವು ಮಾಡದ ಜೀವ ಎಂದರು. ನಮ್ಮ ಹಳೆಯ ಸಾಹೇಬರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಾಗ ಶಾರದಕ್ಕ ಬಂದು ಪಕ್ಕದಲ್ಲಿ ಕುಕ್ಕರಿಸಿದರು.

"ಇವ್ರೆಲ್ಲ ಹೇಳೋದು ಕೇಳಿದ್ರೆ ಯಾರದೋ ಮನೆ ತಿಥಿಗೆ ಬಂದಂಗಾಗ್ತದೆ ಕಣೇ. ಅವ್ರು ಇನ್ನೂ ಬಂದೇ ಇಲ್ಲ ಇಲ್ಲಿಗೆ. ಏನಾದ್ರೂ ಒಂದು ಅವ್ರದ್ದು ಹೇಳು."

"ಇಲ್ಲಿ, ಇಷ್ಟು ಜನರ ಮುಂದೆ ಬೇಡ ಅಕ್ಕಾ."

"ಇಲ್ಲೇ ಹೇಳು."

ಎದ್ದು ನಿಂತು ಹೇಳಿದೆ. ಒಮ್ಮೆ ನಮ್ಮ ಪವರ್‌ಹೌಸಿನಲ್ಲಿ ಸಾಹೇಬರು ಗಂಟೆಗಟ್ಟಲೆ ಭಾಷಣ ಮಾಡಿದ್ದರು. ನಡುವೆ ನಿಲ್ಲಿಸಿ, "ಇದೇನ್ರೀ ಗೊರಗೊರ ಸದ್ದು, ಎಲ್ಲಿಂದ?" ಎಂದು ಕೇಳಿದ್ದರು. ಗೌಡರು ಎದ್ದು ನಿಂತು ಕೈಮುಗಿದಿದ್ದರು: "ತಾವು ಮುಗಿಸಿ ಸಾರ್. ಆಮೇಲೂ ಕೇಳಿಸಿದ್ರೆ ಅದು ಟರ್ಬೈನಿಂದು."

ಸಾರು ಬಡಿಸುತ್ತಿದ್ದವನ ಸೌಟು ಗಾಳಿಯಲ್ಲೇ ನಿಂತಿತು. ಮೊದಲು ಯಾರೋ ಒಬ್ಬರು ಮೂಗಿನಲ್ಲಿ ನಕ್ಕರು. ಆಮೇಲೆ ಇಡೀ ಪಂಕ್ತಿ ಘೊಳ್ಳೆಂದು ನಕ್ಕಿತು. ಸಾಹೇಬರು ಕನ್ನಡಕ ತೆಗೆದು, ಅದನ್ನು ಒರೆಸುವ ನೆಪದಲ್ಲಿ ಭುಜ ಕುಲುಕಿಸುತ್ತಿದ್ದರು. ಶಾರದಕ್ಕ ಸೆರಗನ್ನು ಬಾಯಿಗೆ ಒತ್ತಿ ನಗುತ್ತಾ, ನಗುತ್ತಿದ್ದಂತೆಯೇ ಜೋರಾಗಿ ಅತ್ತರು. ಗೌಡರು ಸತ್ತ ದಿನದಿಂದಲೂ ಅಕ್ಕ ಅತ್ತಿರಲಿಲ್ಲವೆಂದು ಅವರ ತಂಗಿ ಆಮೇಲೆ ಹೇಳಿದಳು.